ಹವ್ಯಾಸವೂ ಹೂಡಿಕೆಯೂ

ಕನ್ನಡ ಪಾಠ ಹೇಳುವವರಿಗೆ ಒಂದು ಚಾಳಿ ಅಂಟಿಕೊಂಡಿರುತ್ತದೆ. ಎದುರಿಗಿದ್ದವರು ಏನು ಹೇಳಿದರು ಎಂಬುದಕ್ಕಿಂತ ಯಾವ ಮಾತಿನಲ್ಲಿ ಹೇಳಿದರು ಎಂಬುದರ ಕಡೆಗೇ ನಮ್ಮ ಕಿವಿ ವಾಲುತ್ತದೆ. ನನ್ನ ಅಕ್ಕನ ಮಗ, ತಾನು ಬೆಲೆಬಾಳುವ ಕೈಗಡಿಯಾರಗಳನ್ನು ಕೂಡಿಸುತ್ತಿರುವುದನ್ನು ಸಮರ್ಥಿಸಿಕೊಳ್ಳುತ್ತ, "ಮಾವ, ಇದು ಹವ್ಯಾಸವೂ ಹೌದು, ಹೂಡಿಕೆಯೂ ಹೌದು" ಎಂದಾಗ, ನಾನು ಅವನ ಲೆಕ್ಕಾಚಾರವನ್ನು ಅಲ್ಲಿಯೇ ಬಿಟ್ಟು ಈ ಎರಡು ಶಬ್ದಗಳನ್ನು ಮಾತ್ರ ಮನೆಗೆ ಹೊತ್ತುಕೊಂಡು ಬಂದೆ.

ಹವ್ಯಾಸವೆಂದರೆ ನಮಗೆ ಬಿಡುವಿನ ವೇಳೆಯ ಒಂದು ನಿರುಪದ್ರವಿಯಾದ ಪ್ರೀತಿ. ಅಂಚೆಚೀಟಿ ಕೂಡಿಸುವುದು, ಹಿತ್ತಿಲಲ್ಲಿ ಗುಲಾಬಿ ಬೆಳೆಸುವುದು ಇಂಥವು. ಆದರೆ ಬೆಳಗಾವಿಯನ್ನು ದಾಟಿ ಮರಾಠಿ ಸೀಮೆಗೆ ಕಾಲಿಟ್ಟರೆ ಇದೇ ಹವ್ಯಾಸಕ್ಕೆ ಅತಿಯಾಸೆ, ಬಿಡದೆ ಕಾಡುವ ಹಂಬಲ ಎಂಬ ಅರ್ಥ. ಒಂದೇ ಶಬ್ದ ಗಡಿಯ ಈಚೆಗೆ ಸಾಧು, ಆಚೆಗೆ ಲೋಭಿ. ಇನ್ನು ಹೂಡಿಕೆ. ರೈತ ನೇಗಿಲಿಗೆ ಎತ್ತು ಹೂಡುತ್ತಾನೆ. ಬಿಲ್ಲುಗಾರ ಬಾಣ ಹೂಡುತ್ತಾನೆ. ಊರು ಬಿಟ್ಟು ಬಂದವರು ಮೂರು ಕಲ್ಲಿಟ್ಟು ಒಲೆ ಹೂಡುತ್ತಾರೆ. ಹೂಡಿದ್ದು ಎಲ್ಲಿಯೇ ಆಗಲಿ ಕೆಲಸ ಮಾಡಬೇಕು. ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತ ಮಲಗಿರುವುದನ್ನು ಯಾರೂ ಹೂಡಿದ ಎತ್ತು ಎನ್ನುವುದಿಲ್ಲ. ಹಾಗಾದರೆ ಬ್ಯಾಂಕಿನ ಲಾಕರಿನಲ್ಲಿ, ಪೆಟ್ಟಿಗೆಯೊಳಗೆ, ರೇಷ್ಮೆಯ ದಿಂಬಿನ ಮೇಲೆ ನಿಂತುಹೋಗಿರುವ ಗಡಿಯಾರ ಹೂಡಿದ ಎತ್ತೋ, ಮಲಗಿದ ಎತ್ತೋ?

ಈ ಪ್ರಶ್ನೆ ಬರಿಯ ವ್ಯಾಕರಣದ ಪ್ರಶ್ನೆಯಾಗಿ ಉಳಿಯಲಿಲ್ಲ. ಅದನ್ನು ಹೇಳುವುದಕ್ಕೇ ಇಷ್ಟು ಪೀಠಿಕೆ.

ಅಳಿಯನಿಗೆ ಮೂವತ್ತಮೂರು ವರ್ಷ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ನನ್ನ ಸಂಬಳವನ್ನು ಅವನ ಸಂಬಳದ ಪಕ್ಕದಲ್ಲಿಟ್ಟರೆ ಸಾಲು ಸರಿಹೋಗುವುದಿಲ್ಲ. ಅವನ ವಯಸ್ಸಿನವರು ಸೈಟು ಕೊಳ್ಳುತ್ತಾರೆ, ಫ್ಲಾಟು ಕೊಳ್ಳುತ್ತಾರೆ. ಇವನು ನಾಲ್ಕು ವರ್ಷದಲ್ಲಿ ಐದು ಗಡಿಯಾರ ಕೊಂಡ. ಅಕ್ಕನಿಗೆ ಇದು ನುಂಗಲಾರದ ತುತ್ತಾಯಿತು. "ಇರುವುದು ಎರಡು ಕೈ, ಗಡಿಯಾರ ಐದು. ಅದೂ ಕಟ್ಟುವುದಕ್ಕಲ್ಲವಂತೆ! ನೀನಾದರೂ ಬುದ್ಧಿ ಹೇಳೋ" ಎಂದು ನನ್ನನ್ನು ನೇಮಿಸಿದಳು. ಸೋದರಮಾವನೆಂಬ ಹುದ್ದೆಗೆ ಸಂಬಳವಿಲ್ಲ, ರಜೆಯೂ ಇಲ್ಲ.

ಆ ಮನೆಯ ಇನ್ನೊಂದು ವಿಶೇಷವನ್ನು ಹೇಳದಿದ್ದರೆ ಕಥೆ ಅರ್ಥವಾಗುವುದಿಲ್ಲ. ನಮ್ಮ ಭಾವ, ಎಂದರೆ ಅಳಿಯನ ತಂದೆ, ಜಾಲಹಳ್ಳಿಯ ಎಚ್.ಎಂ.ಟಿ. ಕೈಗಡಿಯಾರದ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಜೋಡಣೆಯ ವಿಭಾಗದಲ್ಲಿದ್ದವರು. ಸ್ವಯಂ ನಿವೃತ್ತಿ ಪಡೆದು ಮನೆಗೆ ಬರುವಾಗ ಅವರು ತಂದದ್ದು ಒಂದು ಚಿಮಟ, ನಾಲ್ಕು ಸಣ್ಣ ಸ್ಕ್ರೂಡ್ರೈವರು ಮತ್ತು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಒಂದು ಭೂತಗನ್ನಡಿ. ಪ್ರತಿ ವರ್ಷ ಆಯುಧಪೂಜೆಯ ದಿನ ಇವು ಮಣೆಯ ಮೇಲೆ ಕೂಡುತ್ತವೆ.

2022ರ ಆಯುಧಪೂಜೆಗೆ ನಾನೂ ಹೋಗಿದ್ದೆ. ಅಳಿಯ ಲಾಕರಿನಿಂದ ಐದು ಪೆಟ್ಟಿಗೆಗಳನ್ನು ತಂದು ತಂದೆಯ ಚಿಮಟದ ಪಕ್ಕದಲ್ಲಿ ಜೋಡಿಸಿದ. ಅಕ್ಕ ಅರಿಸಿನ ಕುಂಕುಮದ ಬಟ್ಟಲು ಹಿಡಿದು ಬಗ್ಗಿದಳೋ ಇಲ್ಲವೋ, "ಅಮ್ಮಾ, ಕುಂಕುಮ ಬೇಡ!" ಎಂದು ಕೂಗಿಯೇಬಿಟ್ಟ. ಗಡಿಯಾರದ ಬೆನ್ನಿಗೆ ಕಾರ್ಖಾನೆಯವರು ಅಂಟಿಸಿದ ತೆಳುವಾದ ಪ್ಲಾಸ್ಟಿಕ್ಕಿನ ಹಾಳೆ ಹಾಗೆಯೇ ಇತ್ತು. ಅದು ಕಿತ್ತರೆ ಬೆಲೆ ಇಳಿಯುತ್ತದಂತೆ. ಪೆಟ್ಟಿಗೆಗೆ ಕಲೆಯಾದರೆ ಇನ್ನಷ್ಟು ಇಳಿಯುತ್ತದಂತೆ. ಅಕ್ಕ ಬಟ್ಟಲನ್ನು ಹಿಂದಕ್ಕೆ ತೆಗೆದುಕೊಂಡು, ಐದು ಪೆಟ್ಟಿಗೆಗಳಿಗೂ ದೂರದಿಂದಲೇ ಒಂದು ಹೂವು ಎಸೆದಳು. ಭಾವ ನಗುತ್ತ, "ಎಲ್ಲಿ, ಒಂದನ್ನು ಕೊಡು" ಎಂದು ಕೈ ನೀಡಿದರು. ಮಗ ಕೈಚೌಕ ಹಾಸಿ ಕೊಟ್ಟ. ಭಾವ ಅದನ್ನು ನೋಡಲಿಲ್ಲ, ಕಿವಿಗೆ ಹಿಡಿದರು. ಸ್ವಲ್ಪ ಹೊತ್ತಿನ ಮೇಲೆ, "ಇದು ನಿಂತಿದೆಯಲ್ಲೋ" ಎಂದರು.

"ನಿಲ್ಲಿಸಿಯೇ ಇಟ್ಟಿದ್ದೇನೆ ಅಪ್ಪ."

ಭಾವ ಮತ್ತೆ ಮಾತಾಡಲಿಲ್ಲ. ಮೆಲ್ಲಗೆ ನಾಲ್ಕು ಸುತ್ತು ಕೀ ಕೊಟ್ಟರು. ಪುನಃ ಕಿವಿಗೆ ಹಿಡಿದಾಗ ಅವರ ಮುಖ ಬೇರೆಯಾಯಿತು. "ಸೆಕೆಂಡಿಗೆ ಎಂಟು ಪೆಟ್ಟು. ನಮ್ಮ ಜನತಾ ಐದು ಹೊಡೆಯುತ್ತಿತ್ತು. ಒಳ್ಳೆಯ ಕೆಲಸ ಕಣೋ, ಬಹಳ ಒಳ್ಳೆಯ ಕೆಲಸ" ಎಂದರು. ಅಸೂಯೆಯಿಲ್ಲದ ಆ ಮೆಚ್ಚುಗೆಯನ್ನು ಕೇಳಿ ನನಗೆ ಹೇಳಿಕೊಟ್ಟಿದ್ದ ಬುದ್ಧಿಮಾತುಗಳು ಬಾಯಲ್ಲೇ ಉಳಿದುವು.

ಈ ಹವ್ಯಾಸವನ್ನು ಸುಮ್ಮನೆ ಹಣದ ಸೊಕ್ಕು ಎಂದು ತಳ್ಳಿಹಾಕುವುದು ಸುಲಭ, ಅದು ನ್ಯಾಯವಲ್ಲ. ಸುರುಳಿ ಸುತ್ತಿದ ಒಂದು ಉಕ್ಕಿನ ಸ್ಪ್ರಿಂಗು ಒಮ್ಮೆಲೇ ಬಿಚ್ಚಿಕೊಂಡುಬಿಡಲು ಹಾತೊರೆಯುತ್ತದೆ. ಅದನ್ನು ಹಾಗೆ ಬಿಚ್ಚಿಕೊಳ್ಳಲು ಬಿಡದೆ, ಹಲ್ಲಿನ ಚಕ್ರವೊಂದನ್ನು ಚಿಕ್ಕದೊಂದು ಕೊಕ್ಕೆ ತಡೆದು, ಬಿಟ್ಟು, ಮತ್ತೆ ತಡೆದು ಅದರ ಬಲವನ್ನು ತೊಟ್ಟುತೊಟ್ಟಾಗಿ ಬಿಡುಗಡೆ ಮಾಡುತ್ತದೆ. ಅತ್ತಿತ್ತ ತೂಗುವ ಸಣ್ಣ ಚಕ್ರವೊಂದು ಈ ತಡೆ ಬಿಡುಗಡೆಗಳಿಗೆ ತಾಳ ಹಾಕುತ್ತದೆ. ಗಂಟೆಗೆ 28,800 ಪೆಟ್ಟು. ದಿನಕ್ಕೆ ಏಳು ಲಕ್ಷದ ಮೂಲ್ಕಿ. ಇಷ್ಟು ಹೊಡೆದೂ ಒಳ್ಳೆಯ ಗಡಿಯಾರ ದಿನಕ್ಕೆ ತಪ್ಪುವುದು ನಾಲ್ಕೈದು ಸೆಕೆಂಡು. ಮನುಷ್ಯನ ಬೆರಳು ಇದಕ್ಕಿಂತ ನಾಜೂಕಾದುದನ್ನು ಹೆಚ್ಚೇನೂ ಮಾಡಿಲ್ಲ.

ಅಳಿಯ ಇಂಥ ಕಥೆಗಳ ಭಂಡಾರ. ಅಮೆರಿಕಾದ ಹೆನ್ರಿ ಗ್ರೇವ್ಸ್ ಎಂಬ ಶ್ರೀಮಂತ 1925ರಲ್ಲಿ ಜಿನೀವಾದ ಪಾಟೆಕ್ ಫಿಲಿಪ್ ಕಂಪನಿಗೆ ಹೇಳಿ ಒಂದು ಜೇಬುಗಡಿಯಾರ ಮಾಡಿಸಿದ. ಅದು ಕೈಸೇರಿದ್ದು 1933ರಲ್ಲಿ. ಗಂಟೆ ನಿಮಿಷಗಳಲ್ಲದೆ ತಿಥಿ, ಚಂದ್ರನ ಕಲೆ, ಸೂರ್ಯೋದಯ, ಸೂರ್ಯಾಸ್ತ, ನ್ಯೂಯಾರ್ಕಿನ ರಾತ್ರಿಯ ಆಕಾಶದ ನಕ್ಷತ್ರಗಳು, ಹೀಗೆ 24 ಬಗೆಯ ಕೆಲಸಗಳು ಅದರೊಳಗೆ. ಫ್ರಾನ್ಸಿನ ರಾಣಿ ಮೇರಿ ಆಂಟೊಯ್ನೆಟ್‌ಗಾಗಿ ಬ್ರೆಗೆ ಎಂಬ ಕುಶಲಿಗೆ 1783ರಲ್ಲಿ ಹೇಳಿದ್ದ ಗಡಿಯಾರ ಮುಗಿದದ್ದು 1827ರಲ್ಲಿ. ಅಷ್ಟು ಹೊತ್ತಿಗೆ ರಾಣಿಯ ತಲೆ ಹೋಗಿ ಮೂವತ್ತನಾಲ್ಕು ವರ್ಷವಾಗಿತ್ತು, ಬ್ರೆಗೆಯೂ ತೀರಿಕೊಂಡಿದ್ದ. ಕಾಲವನ್ನು ಅಳೆಯುವ ಯಂತ್ರಕ್ಕೇ ಕಾಲ ಸಾಲದೆ ಹೋಯಿತು! ಇಂಥವುಗಳನ್ನು ಹೇಳುವಾಗ ಅಳಿಯನ ಕಣ್ಣಿನಲ್ಲಿ ಹೊಳೆಯುತ್ತಿದ್ದುದು ಹಣವಲ್ಲ. ಕಾವ್ಯದ ಒಂದು ಒಳ್ಳೆಯ ಪದ್ಯವನ್ನು ತರಗತಿಯಲ್ಲಿ ಓದುವಾಗ ನನಗೂ ಹಾಗೆಯೇ ಆಗುತ್ತದೆ ಎಂದು ನನ್ನ ವಿದ್ಯಾರ್ಥಿಗಳು ಹೇಳುತ್ತಾರೆ.

ಆದರೆ ಒಂದು ವಿಚಿತ್ರವನ್ನು ಗಮನಿಸಬೇಕು. 1969ರ ಡಿಸೆಂಬರ್ 25ರಂದು ಜಪಾನಿನ ಸೈಕೋ ಕಂಪನಿ ಸ್ಫಟಿಕದ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಬ್ಯಾಟರಿಯ ವಿದ್ಯುತ್ತಿನಿಂದ ಸ್ಫಟಿಕದ ಚೂರೊಂದು ಕಂಪಿಸುತ್ತ ಕಾಲವನ್ನು ಎಣಿಸುವುದು ಇದರ ತತ್ತ್ವ. ಇಂದಿನ ಸ್ಫಟಿಕದ ಗಡಿಯಾರಗಳಲ್ಲಿ ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಮೊದಲು ಅದರ ಬೆಲೆ ನಾಲ್ಕೂವರೆ ಲಕ್ಷ ಯೆನ್, ಒಂದು ಮೋಟಾರು ಕಾರಿನ ಬೆಲೆ. ಬರಬರುತ್ತ ಕಾರಿನ ಬೆಲೆಯಿಂದ ಕಾಫಿಪುಡಿಯ ಬೆಲೆಗೆ ಇಳಿಯಿತು. ಸ್ವಿಟ್ಜರ್ಲೆಂಡಿನಲ್ಲಿ 1970ರ ಸುಮಾರಿಗೆ ಈ ಕಸುಬಿನಲ್ಲಿದ್ದ ತೊಂಬತ್ತು ಸಾವಿರದಷ್ಟು ಜನರಲ್ಲಿ ಹದಿನೈದು ವರ್ಷಗಳ ಮೇಲೆ ಉಳಿದವರು ಮೂರರಲ್ಲಿ ಒಂದು ಪಾಲು. ನಮ್ಮಲ್ಲಿಯೂ ಅದರ ಅಲೆ ಬಂತು. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರ ಮಾಡಲಾರಂಭಿಸಿದ ಎಚ್.ಎಂ.ಟಿ., ಮುಂದೆ ಸ್ಫಟಿಕವನ್ನೇ ನೆಚ್ಚಿಕೊಂಡು ಹೊಸೂರಿನಲ್ಲಿ ಆರಂಭವಾದ ಟೈಟನ್ ಕಂಪನಿಯ ಎದುರು ಹಿಂದೆ ಬಿದ್ದಿತು. ಕಡೆಗೆ 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು.

ಎಂದರೆ, ಇನ್ನೂರು ಮುನ್ನೂರು ರೂಪಾಯಿಯ ಗಡಿಯಾರ ಹತ್ತು ಲಕ್ಷದ ಗಡಿಯಾರಕ್ಕಿಂತ ಸರಿಯಾಗಿ ಹೊತ್ತು ತಿಳಿಸುವ ಕಾಲ ಬಂದು ಎಷ್ಟೋ ವರ್ಷವಾಯಿತು. ಹೊತ್ತು ತಿಳಿಯುವುದಕ್ಕೆ ಕೀ ಕೊಡುವ ಗಡಿಯಾರ ಈಗ ಯಾರಿಗೂ ಬೇಕಿಲ್ಲ. ಬೇಕಿಲ್ಲದ್ದರಿಂದಲೇ ಅದು ಒಡವೆಯಾಯಿತು. ಒಡವೆಯಾದದ್ದರಿಂದಲೇ, ಇಂದಲ್ಲ ನಾಳೆ ಬೆಲೆ ಏರೀತೆಂಬ ಆಸೆಯೂ ಅದರ ಹಿಂದೆ ಬಂತು.

ಆ ಆಸೆಗೆ ಆಧಾರವಿಲ್ಲವೆಂದಲ್ಲ. ಹಾಲಿವುಡ್ಡಿನ ನಟ ಪಾಲ್ ನ್ಯೂಮನ್‌ಗೆ ಮೋಟಾರು ಪಂದ್ಯದ ಹುಚ್ಚು ಹತ್ತಿದಾಗ ಹೆಂಡತಿ ಜೋಆನ್ ವುಡ್‌ವರ್ಡ್ ಒಂದು ರೋಲೆಕ್ಸ್ ಡೇಟೋನಾ ಕೊಂಡು, 'ಜೋಪಾನವಾಗಿ ಓಡಿಸು' ಎಂಬ ಅರ್ಥದ ಮಾತನ್ನು ಅದರ ಬೆನ್ನಿಗೆ ಕೆತ್ತಿಸಿ ಕೊಟ್ಟಳು. ಆ ಬಗೆಯ ಡಯಲು ಆ ಕಾಲದಲ್ಲಿ ಹೆಚ್ಚು ಜನಕ್ಕೆ ಹಿಡಿಸಿರಲಿಲ್ಲ. ಅಂಗಡಿಗಳಲ್ಲಿ ಮಾರಾಟವಾಗದೆ ಉಳಿಯುತ್ತಿತ್ತು. ನ್ಯೂಮನ್ ಅದನ್ನು ವರ್ಷಗಟ್ಟಲೆ ಕಟ್ಟಿ, 1984ರಲ್ಲಿ, ಗಡಿಯಾರವಿಲ್ಲದ ಮಗಳ ಸ್ನೇಹಿತನೊಬ್ಬನಿಗೆ ಸುಮ್ಮನೆ ತೆಗೆದು ಕೊಟ್ಟುಬಿಟ್ಟ. 2017ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದೇ ಗಡಿಯಾರಕ್ಕೆ ಬಂದ ಬೆಲೆ 1 ಕೋಟಿ 77 ಲಕ್ಷ ಡಾಲರು. 2021ರ ಡಿಸೆಂಬರಿನಲ್ಲಿ ಪಾಟೆಕ್ ಫಿಲಿಪ್ಪಿನ ನೀಲಿ ಮುಖದ ಒಂದು ಉಕ್ಕಿನ ನಾಟಿಲಸ್ ಧರ್ಮಕಾರ್ಯಕ್ಕಾಗಿ ಹರಾಜಾದಾಗ 65 ಲಕ್ಷ ಡಾಲರು ಮುಟ್ಟಿತು. ಅದು ಹೊಚ್ಚ ಹೊಸದು. ಅಂಗಡಿಯಲ್ಲಿ ಅದರ ಬೆಲೆ ಆ ಮೊತ್ತದ ನೂರರಲ್ಲಿ ಒಂದು ಪಾಲೂ ಇರಲಿಲ್ಲ. ಪತ್ರಿಕೆಗಳಲ್ಲಿ ಇಂಥ ಸುದ್ದಿ ಓದಿದವರ ಕೈ ಸುಮ್ಮನಿರುತ್ತದೆಯೆ? ಅಂಗಡಿಯಲ್ಲಿ ಕೇಳಿದರೆ ವರ್ಷಗಟ್ಟಲೆ ಕಾಯಬೇಕು. ಆದ್ದರಿಂದ ಅಂಗಡಿಯ ಬೆಲೆಗಿಂತ ಹೆಚ್ಚು ಕೊಟ್ಟು ಹೊರಗಿನಿಂದ ಕೊಳ್ಳುವವರು ಸಾಲುಗಟ್ಟಿದರು. ನಮ್ಮ ಅಳಿಯನೂ ಆ ಸಾಲಿನಲ್ಲಿದ್ದ. ಸ್ವಿಟ್ಜರ್ಲೆಂಡಿನ ಒಂದು ಉಕ್ಕಿನ ಗಡಿಯಾರವನ್ನು 2022ರ ಫೆಬ್ರುವರಿಯಲ್ಲಿ ಹದಿನಾಲ್ಕು ಲಕ್ಷ ರೂಪಾಯಿಗೆ ಕೊಂಡ. ಅಂಗಡಿಯಲ್ಲಿ ಅದರ ಬೆಲೆ ಒಂಬತ್ತು ಲಕ್ಷದ ಆಸುಪಾಸು. ಅದೇ ವರ್ಷದ ವಸಂತದಿಂದ ಈ ಮಾರುಕಟ್ಟೆ ಇಳಿಯಲು ಹಿಡಿದದ್ದು ಎರಡು ವರ್ಷವಾದರೂ ಇಳಿಯುತ್ತಲೇ ಇತ್ತು.

ನಾನು ಲೆಕ್ಕದ ಮೇಷ್ಟರಲ್ಲ; ಆದರೂ ಒಂದು ರಾತ್ರಿ ಕಾಗದ ಪೆನ್ಸಿಲು ಹಿಡಿದು ಕುಳಿತೆ. ಹೆನ್ರಿ ಗ್ರೇವ್ಸನ ಆ ಜಗತ್ಪ್ರಸಿದ್ಧ ಗಡಿಯಾರ 1999ರಲ್ಲಿ 1 ಕೋಟಿ 10 ಲಕ್ಷ ಡಾಲರಿಗೆ ಹರಾಜಾಯಿತು. 2014ರಲ್ಲಿ ಮತ್ತೆ ಹರಾಜಿಗೆ ಬಂದು 2 ಕೋಟಿ 40 ಲಕ್ಷಕ್ಕೆ ಹೋಯಿತು. ಎರಡರಷ್ಟಕ್ಕಿಂತ ಹೆಚ್ಚು! ಆದರೆ ನಡುವೆ ಹದಿನೈದು ವರ್ಷ. ಚಕ್ರಬಡ್ಡಿಯ ಪ್ರಕಾರ ವರ್ಷಕ್ಕೆ ನೂರಕ್ಕೆ ಐದು ಚಿಲ್ಲರೆ. ಹರಾಜಿನವರ ಪಾಲು ಆ ಬೆಲೆಯಲ್ಲೇ ಸೇರಿರುವುದರಿಂದ ಮಾರಿದವನಿಗೆ ದಕ್ಕುವುದು ಇನ್ನೂ ಕಡಿಮೆ. ವಿಮೆ, ಕಾವಲು ಬೇರೆ. ಡಾಲರಿನ ಬಡ್ಡಿಗೂ ನಮ್ಮ ರೂಪಾಯಿಯ ಬಡ್ಡಿಗೂ ಹೋಲಿಕೆ ಪೂರ್ತಿ ಸಲ್ಲದು, ನಿಜ. ಆದರೂ ಭೂಮಿಯ ಮೇಲಿನ ಅತಿ ಪ್ರಸಿದ್ಧ ಗಡಿಯಾರ ದುಡಿದದ್ದು ನಮ್ಮ ಅಂಚೆ ಕಚೇರಿಯ ಠೇವಣಿಯ ವೇಗದಲ್ಲಿ ಎಂಬುದನ್ನು ಕಂಡು ನನಗೆ ಅದರ ಮೇಲೆ ಒಂದು ಬಗೆಯ ಆತ್ಮೀಯತೆ ಹುಟ್ಟಿತು. ಇದು ಗೆದ್ದ ಗಡಿಯಾರದ ಕಥೆ. ಅಂಗಡಿಯ ಬಾಗಿಲು ದಾಟಿದೊಡನೆ ಬೆಲೆ ಕಳೆದುಕೊಳ್ಳುವ ದುಬಾರಿ ಗಡಿಯಾರಗಳೇ ಹೆಚ್ಚು. ಅವುಗಳ ಸುದ್ದಿ ಪತ್ರಿಕೆಯಲ್ಲಿ ಬರುವುದಿಲ್ಲ.

ಇನ್ನೂ ಒಂದು ಅಂಶ ನನ್ನ ಮನಸ್ಸಿಗೆ ಹೊಳೆಯಿತು. ಗ್ರೇವ್ಸ್ ತನ್ನ ಗಡಿಯಾರವನ್ನು ಮಾಡಿಸಿದ್ದು ಮಾರುವುದಕ್ಕಲ್ಲ. ವುಡ್‌ವರ್ಡ್ ಕೊಂಡದ್ದು ಗಂಡನ ಜೀವದ ಮೇಲಿನ ಕಾಳಜಿಗೆ. 2009ರಲ್ಲಿ ನ್ಯೂಯಾರ್ಕಿನಲ್ಲಿ ಗಾಂಧೀಜಿಯವರ ಕನ್ನಡಕ, ಚಪ್ಪಲಿ, ತಟ್ಟೆ, ಬಟ್ಟಲುಗಳ ಜೊತೆಗೆ ಅವರ ಜೆನಿತ್ ಜೇಬುಗಡಿಯಾರವೂ ಹರಾಜಾಗಿ, ಒಟ್ಟು 18 ಲಕ್ಷ ಡಾಲರಿಗೆ ವಿಜಯ್ ಮಲ್ಯರ ಪಾಲಾಯಿತು. ಗಾಂಧೀಜಿ ಅದನ್ನು ಇಟ್ಟುಕೊಂಡದ್ದು ಪ್ರಾರ್ಥನೆಯ ಹೊತ್ತು ತಪ್ಪಬಾರದೆಂದು. ಇವುಗಳೆಲ್ಲ ಯಾರದೋ ಬಾಳಿನಲ್ಲಿ ನಡೆದಾಡಿದ ಗಡಿಯಾರಗಳು. ಸಂತೆ ಬೆಲೆ ಕಟ್ಟುವುದು ಆ ನಡೆದಾಟಕ್ಕೆ. ಆದರೆ ಅದೇ ಸಂತೆ ನಮ್ಮಂಥವರಿಗೆ ಹೇಳುವ ಬುದ್ಧಿಯೇ ಬೇರೆ: ಕಟ್ಟಬೇಡ, ಉಜ್ಜಬೇಡ, ಗೀರು ಬೀಳಿಸಬೇಡ, ಪೆಟ್ಟಿಗೆ ಕಾಗದಪತ್ರ ಜೋಪಾನ. ನಟನ ಗಡಿಯಾರಕ್ಕೆ ಅವನ ಬೆವರು ಬೆಲೆ ಕೂಡಿಸುತ್ತದೆ. ಅಳಿಯನ ಗಡಿಯಾರಕ್ಕೆ ಅವನ ಬೆವರು ಬೆಲೆ ಕಳೆಯುತ್ತದೆ.

ಹವ್ಯಾಸಕ್ಕೂ ಹೂಡಿಕೆಗೂ ಜಗಳ ಇರುವುದು ಇಲ್ಲಿಯೇ. ಹವ್ಯಾಸಿ ತನ್ನ ವಸ್ತುವನ್ನು ಕೊಡಲಾರ. ಹೂಡಿದವನಾದರೋ ಯಾವ ಕ್ಷಣದಲ್ಲಾದರೂ ಕೊಡಲು ಸಿದ್ಧನಾಗಿರಬೇಕು. ಕೊಡಲೊಲ್ಲದವನಿಗೆ ಲಾಭವೆಲ್ಲಿಂದ ಬಂತು? ಒಂದೇ ಪೆಟ್ಟಿಗೆಯಲ್ಲಿ ಇವೆರಡನ್ನೂ ಇಟ್ಟು ಮಾರುವುದು ಈ ವ್ಯಾಪಾರದ ಜಾಣತನ. ಕೊಳ್ಳುವಾಗ ಮನಸ್ಸು ಅಳುಕಿದರೆ 'ಇದು ಹೂಡಿಕೆ' ಎಂಬ ಸಮಾಧಾನ. ಬೆಲೆ ಇಳಿದರೆ 'ಇದು ಹವ್ಯಾಸ' ಎಂಬ ಸಮಾಧಾನ. ಎರಡರಲ್ಲಿ ಯಾವುದು ನಿಜ ಎಂಬುದು ಮಾರಬೇಕಾಗಿ ಬಂದ ದಿನ ಮಾತ್ರ ತಿಳಿಯುತ್ತದೆ.

ಆ ದಿನ ಬಂತು. 2023ರ ಸೆಪ್ಟೆಂಬರಿನಲ್ಲಿ ಭಾವನಿಗೆ ಎದೆನೋವು ಕಾಣಿಸಿಕೊಂಡಿತು. ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಹೃದಯದ ಶಸ್ತ್ರಚಿಕಿತ್ಸೆ ತಡಮಾಡದೆ ಆಗಬೇಕೆಂದರು. ಅಳಿಯನ ಕಂಪನಿಯ ವಿಮೆ ತಂದೆತಾಯಿಗಳಿಗೆ ಕೊಡುತ್ತಿದ್ದುದು ಮೂರು ಲಕ್ಷ. ಅಂದಾಜು ಒಂಬತ್ತು ಲಕ್ಷ. ಹುಡುಗನ ಉಳಿತಾಯವೆಲ್ಲ ಲಾಕರಿನಲ್ಲಿ ನಿಂತು ಮಲಗಿತ್ತು. ಅವನು ಮಧ್ಯಾಹ್ನದಿಂದ ಸಂಜೆಯವರೆಗೆ ಫೋನು ಹಿಡಿದು ನಿಂತ. ಒಬ್ಬ ವ್ಯಾಪಾರಿ ಫೋಟೋ ಕಳಿಸಿ ಎಂದ. ಇನ್ನೊಬ್ಬ, ಮಾರಿಕೊಟ್ಟರೆ ಕಮಿಷನ್ ಕಳೆದು ಕೊಡುತ್ತೇನೆ ಎಂದ. ಮತ್ತೊಬ್ಬ ಮುಂದಿನ ವಾರ ನೋಡೋಣ ಎಂದ. ಐದೂವರೆಗೆ ಅಕ್ಕ ಯಾರಿಗೂ ಹೇಳದೆ ಆಟೋ ಹತ್ತಿ ಹೋದವಳು, ಏಳು ಗಂಟೆಯೊಳಗೆ ತನ್ನ ಬಳೆಗಳನ್ನೂ ಎರಡೆಳೆ ಸರವನ್ನೂ ಅಡವಿಟ್ಟು ಹಣ ತಂದು ಕಟ್ಟಿದಳು. ಚಿನ್ನವನ್ನು ಯಾರೂ ಪೆಟ್ಟಿಗೆ ಎಲ್ಲಿ, ಕಾಗದ ಎಲ್ಲಿ ಎಂದು ಕೇಳಲಿಲ್ಲ. ತೂಗಿದರು, ಉಜ್ಜಿದರು, ಎಣಿಸಿಕೊಟ್ಟರು. ಬರಿಗೈಯಲ್ಲಿ ಬಂದ ತಾಯಿಯನ್ನು ನೋಡಿ ಅಳಿಯ ಮುಖ ತಿರುಗಿಸಿಕೊಂಡ.

ಶಸ್ತ್ರಚಿಕಿತ್ಸೆಗೆ ಒಯ್ಯುವ ಮೊದಲು ದಾದಿ ಭಾವನ ಕೈಯಿಂದ ಅವರ ಹಳೆಯ ಜನತಾ ಗಡಿಯಾರವನ್ನು ಬಿಚ್ಚಿ, ಉಂಗುರದ ಜೊತೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅಳಿಯನ ಕೈಗೆ ಕೊಟ್ಟಳು. ಮಾರನೆಯ ಬೆಳಿಗ್ಗೆ ನಾವು ಮೊಗಸಾಲೆಯ ಬೆಂಚಿನ ಮೇಲೆ ಕುಳಿತಿದ್ದಾಗ ಅವನು ಜೇಬಿನಿಂದ ಅದನ್ನು ತೆಗೆದು ನೋಡಿದ. ನಿಂತಿತ್ತು. ಲಕ್ಷಗಟ್ಟಲೆ ಬೆಲೆಯ ಗಡಿಯಾರಗಳನ್ನು ನಿಲ್ಲಿಸಿಯೇ ಇಟ್ಟಿದ್ದವನು, ಕೆಲವು ಸಾವಿರವೂ ಬಾರದ ಈ ಗಡಿಯಾರ ನಿಂತದ್ದನ್ನು ಕಂಡು ಗಾಬರಿಯಾಗಿ ಕೀ ಕೊಡತೊಡಗಿದ. ಆಮೇಲೆ ಒಂಬತ್ತು ದಿನ, ದಿನವೂ ಬೆಳಿಗ್ಗೆ ಏಳಕ್ಕೆ ಆ ಕೆಲಸ ತಪ್ಪಲಿಲ್ಲ. ಭಾವನನ್ನು ಸಾಮಾನ್ಯ ವಾರ್ಡಿಗೆ ತಂದ ದಿನ ಅವರು ಮಗನನ್ನು ಕೇಳಿದ ಮೊದಲ ಮಾತು, "ಗಡಿಯಾರಕ್ಕೆ ಕೀ ಕೊಟ್ಟಿದ್ದೀಯೇನೋ?" ಎಂಬುದೇ.

ಮೂರು ವಾರದ ಮೇಲೆ ಅಳಿಯ ಮೂರು ಗಡಿಯಾರಗಳನ್ನು ಮಾರಿದ. ಹದಿನಾಲ್ಕು ಲಕ್ಷದ್ದಕ್ಕೆ ಒಂಬತ್ತು ಬಂತು. ಇನ್ನೊಂದಕ್ಕೆ ಖಾತರಿ ಪತ್ರ ಬೇರೆಯವರ ಹೆಸರಿನಲ್ಲಿದೆಯೆಂದು ಮತ್ತಷ್ಟು ಕಡಿತ. ಮೂರನೆಯದಕ್ಕೆ ಮಾತ್ರ ಅಲ್ಪ ಲಾಭ ಬಂತೆಂದು ಹೇಳದಿದ್ದರೆ ನಾನು ಪಕ್ಷಪಾತಿಯಾಗುತ್ತೇನೆ. ಮೊದಲು ಬಳೆ ಬಿಡಿಸಿದ; ಆಸ್ಪತ್ರೆಯ ಬಾಕಿ ತೀರಿಸಿದ; ಉಳಿದದ್ದನ್ನು ತಾಯಿಯ ಹೆಸರಿನಲ್ಲಿ ಠೇವಣಿಯಿಟ್ಟ. ಆದ್ದರಿಂದ, ಗಡಿಯಾರಗಳು ಕೈಬಿಟ್ಟವೆಂದು ನಾನು ಹೇಳಲಾರೆ. ಅವು ಬಂದವು, ತಡವಾಗಿ ಬಂದವು, ಬಡವಾಗಿ ಬಂದವು. ಹೊತ್ತಿಗೆ ಸರಿಯಾಗಿ ಬರುವುದೇ ಗಡಿಯಾರದ ಕಸುಬಲ್ಲವೆ ಎಂದು ಅಕ್ಕ ಒಮ್ಮೆ ಕೊಂಕು ನುಡಿದಳು. ಅವಳಿಗೆ ಅಷ್ಟು ಹಕ್ಕು ಇದೆ.

ಉಳಿದ ಎರಡರಲ್ಲಿ ಒಂದರ ಬೆನ್ನಿನ ಪ್ಲಾಸ್ಟಿಕ್ಕನ್ನು ಅವನೇ ಕಿತ್ತು ಕೈಗೆ ಕಟ್ಟಿಕೊಂಡ. ಮೊದಲ ವಾರವೇ ಬಸ್ಸಿನ ಕಂಬಿಗೆ ತಗುಲಿ ಅದಕ್ಕೊಂದು ಗೀರು ಬಿತ್ತು. "ಎಷ್ಟು ಹೋಯಿತು?" ಎಂದು ಕೇಳಿದೆ. "ಹತ್ತು ಸಾವಿರ ಇರಬಹುದು ಮಾವ" ಎಂದು ನಕ್ಕ. ಇನ್ನೊಂದು ಇನ್ನೂ ಲಾಕರಿನಲ್ಲೇ ಇದೆ. ಆಸೆ ಪೂರ್ತಿ ಹೋಗಿಲ್ಲ. ಹೋಗಬೇಕೆಂದು ನಾನು ಒತ್ತಾಯಿಸುವುದೂ ಇಲ್ಲ. ಕೊಳ್ಳುವ ಮುಂಚೆ ಒಂದು ಪ್ರಶ್ನೆಯನ್ನು ಮಾತ್ರ ಕೇಳಿಕೋ ಎಂದಿದ್ದೇನೆ: ಇದರ ಬೆಲೆ ನಾಳೆ ಸೊನ್ನೆಯಾದರೂ ಇದು ನನಗೆ ಬೇಕೆ? ಹೌದೆಂದರೆ ಕೈಗೆ ಕಟ್ಟು. ಅಲ್ಲವೆಂದರೆ ಹಣವನ್ನು ಬೇರೆ ಕಡೆ ಹೂಡು.

ಈಚೆಗೆ ತಂದೆ ಮಗ ಕೂಡಿ ಹೊಸದೊಂದು ಕೆಲಸ ಹಿಡಿದಿದ್ದಾರೆ. ಚಿಕ್ಕಪೇಟೆಯ ಕಡೆಯ ಭಾನುವಾರದ ಸಂತೆಯಿಂದ ಕೆಟ್ಟ ಎಚ್.ಎಂ.ಟಿ.ಗಳನ್ನು ತಂದು ಬಿಚ್ಚುವುದು. ಕಾರ್ಖಾನೆ ಮುಚ್ಚಿದ ಮೇಲೆ ಈ ಗಡಿಯಾರಗಳಿಗೂ ಸಂಗ್ರಾಹಕರು ಹುಟ್ಟಿಕೊಂಡಿದ್ದಾರೆ. ಅವರನ್ನು ನಂಬಿ ಹಳೆಯ ಯಂತ್ರಕ್ಕೆ ಹೊಸ ಬಣ್ಣದ ಡಯಲು ಬಳಿದು ಮಾರುವವರೂ ಹುಟ್ಟಿಕೊಂಡಿದ್ದಾರೆ. ಸಂಗ್ರಾಹಕರ ಬಾಯಲ್ಲಿ ಅಂಥದಕ್ಕೆ 'ಮುಂಬೈ ಸ್ಪೆಷಲ್' ಎಂದು ಹೆಸರು. ಹೋದ ಭಾನುವಾರ ನಾನು ಹೋದಾಗ ಮೇಜಿನ ಮೇಲೆ ಅಂಥದೊಂದು ಬಿಚ್ಚಿಕೊಂಡು ಬಿದ್ದಿತ್ತು. ಭಾವ ಭೂತಗನ್ನಡಿಯನ್ನು ಮಗನಿಗೆ ಕೊಟ್ಟು ತಾವು ಬರಿಗಣ್ಣಿನಲ್ಲಿ ಕುಳಿತಿದ್ದರು. "ಈ ಡಯಲು ನಮ್ಮದಲ್ಲ. ಮುಳ್ಳೂ ನಮ್ಮದಲ್ಲ. ಒಳಗಿನದು ಮಾತ್ರ ನಮ್ಮದೇ" ಎಂದರು. ಅಳಿಯ ಉಸಿರು ಬಿಗಿಹಿಡಿದು ಚಿಮಟದಿಂದ ತೂಗುಚಕ್ರವನ್ನು ಕೂರಿಸಿದ. ಅದು ಒಂದು ಸಲ ನಡುಗಿ, ಅತ್ತಿತ್ತ ಓಲಾಡಿ, ನಡೆಯತೊಡಗಿತು. ಕೊಂಡದ್ದು ಆರುನೂರು ರೂಪಾಯಿಗೆ. ಮಾರಿದರೆ ಅದೂ ಬರಲಾರದು.

ನಾನು ಹೊರಡುವ ಹೊತ್ತಿಗೆ ರಾತ್ರಿ ಎಂಟಾಗಿತ್ತು. ಭಾವ ರೇಡಿಯೋದ ಗಂಟೆಗೆ ಅದನ್ನು ಹೊಂದಿಸಿ, ಮೂರು ನಿಮಿಷ ಕಿವಿಗೆ ಹಿಡಿದು, ಮಗನ ಕಡೆ ತಿರುಗಿ ಹೇಳಿದರು: "ಸ್ವಲ್ಪ ಮುಂದಕ್ಕೆ ಓಡುತ್ತಿದೆ. ಈಗಲೇ ಕೈ ಹಾಕಬೇಡ. ಬೆಳಗಿನ ತನಕ ನಡೆಯಲಿ, ಆಮೇಲೆ ನೋಡೋಣ."